ಅಕ್ಕನ ಬಡ್ಡಿ

ಅಕ್ಕನ ಬಾಯಿ ಅವನ ಅಂಗೈಯಲ್ಲಿತ್ತು. ಪ್ಲಾಸ್ಟರಿನಲ್ಲಿ ಎರಕ ಹೊಯ್ದ ಮೇಲ್ದವಡೆ ಒಂದು, ಕೆಳದವಡೆ ಒಂದು; ಒಂದು ಹಲ್ಲೂ ಇಲ್ಲದ, ನುಣ್ಣಗೆ ಬಿಳಿಚಿಕೊಂಡ ಎರಡು ಕುದುರೆಲಾಳಗಳು. ಮೂವತ್ತು ವರ್ಷದಿಂದ ಹಲ್ಲಿನ ಸೆಟ್ಟು ಮಾಡಿಕೊಂಡು ಬಂದವನಿಗೆ ಇಂಥ ದವಡೆಗಳು ಹೊಸತಲ್ಲ. ಎಷ್ಟೋ ಜನರ ಮುಖ ನೋಡದೆ ಬಾಯಿಯನ್ನು ಮಾತ್ರ ಬಲ್ಲವನು ಅವನು. ಯಾರು ಯಾವ ಮಗ್ಗುಲಲ್ಲಿ ಅಗಿಯುತ್ತಾರೆ, ಯಾರು ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೆ, ಯಾರು ನೋವು ನುಂಗಿಕೊಂಡೇ ವರ್ಷಗಟ್ಟಲೆ ದೂಡಿದರು ಎಂಬುದನ್ನೆಲ್ಲ ವಸಡಿನ ಸವೆತ ನೋಡಿಯೇ ಹೇಳುತ್ತಿದ್ದ. ಅಕ್ಕನ ಬಲಗಡೆ ಕೆಳಗಿನ ವಸಡಿನ ದಿಂಡು ಕರಗಿ ತಗ್ಗುಬಿದ್ದಿತ್ತು. ಆ ಕಡೆಯ ಹಲ್ಲುಗಳು ಹೋಗಿ ಹದಿನೈದು ವರ್ಷವಾದರೂ ಆಗಿರಬೇಕು. ಅಷ್ಟು ವರ್ಷ ಅವಳು ಹೇಳಲಿಲ್ಲ, ಇವನು ಕೇಳಲಿಲ್ಲ. ಭಾನುವಾರಗಳಂದು ಅವಳ ಮನೆಗೆ ಹೋಗಿ, ಎದುರಿಗೆ ಕೂತು ಉಂಡು, ಲೋಕದ ಹಲ್ಲುಗಳ ಕಥೆಯನ್ನೆಲ್ಲ ಹೇಳಿ ನಗಿಸಿ ಬರುತ್ತಿದ್ದ. ನಗುವಾಗ ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಿದ್ದುದನ್ನು ನಾಚಿಕೆ ಎಂದುಕೊಂಡಿದ್ದ.

ಫೋನು ಕೆಲಸದ ಮೇಜಿನ ಮೇಲೆ ಬೋರಲಾಗಿ ಬಿದ್ದಿತ್ತು. ಈಗೀಗ ಅದನ್ನು ಮುಖ ಕೆಳಗೆ ಮಾಡಿಯೇ ಇಡುತ್ತಿದ್ದ. ಬೆಳಿಗ್ಗೆ ಅಕ್ಕನ ಧ್ವನಿ ಬಂದಿತ್ತು. ಬರೆದು ಕಳಿಸುವುದು ಅವಳಿಗೆ ಆಗದು, ಗುಂಡಿ ಒತ್ತಿ ಹಿಡಿದು ಮಾತಾಡುತ್ತಾಳೆ. ಇದ್ದಬದ್ದ ಹಲ್ಲನ್ನೆಲ್ಲ ಕೀಳಿಸಿಕೊಂಡ ಮೇಲೆ ಅವಳ ಸಕಾರಗಳೆಲ್ಲ ಬರೀ ಗಾಳಿಯಾಗಿದ್ದವು. ಹನ್ನೊಂದಕ್ಕೆ ಬರುತ್ತೇನೆ, ಜೊತೆಗೆ ಇಸ್ತ್ರಿಯೂ ಬರುತ್ತಾಳೆ, ಅವಳಿಗೆ ನಿನ್ನಿಂದ ಒಂದು ಉಪಕಾರ ಆಗಬೇಕಂತೆ ಎಂದಿದ್ದಳು. ಕೊನೆಯಲ್ಲಿ ಸಣ್ಣದೊಂದು ನಗು ಇತ್ತು, ಗುಟ್ಟು ಬಿಟ್ಟುಕೊಡದವಳ ನಗು. ಆ ನಗುವನ್ನು ಅವನು ಮೂರು ಸಲ ಕೇಳಿದ. ಇಸ್ತ್ರಿ ಎಂದರೆ ಅಕ್ಕನ ಜೊತೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತು ವರ್ಷ ಇಸ್ತ್ರಿ ಮೇಜಿನಲ್ಲಿ ನಿಂತವಳು. ಅಕ್ಕ ಒಗೆಯುವ ಕಡೆ, ಅವಳು ಒಣಗಿದ ಕಡೆ. ಇಬ್ಬರೂ ಒಂದೇ ವರ್ಷ ನಿವೃತ್ತರಾದರು. ಆ ಉಪಕಾರ ಏನೆಂದು ಊಹಿಸಲು ಅವನಿಗೆ ದೊಡ್ಡ ಬುದ್ಧಿಯೇನೂ ಬೇಕಿರಲಿಲ್ಲ. ದವಡೆಗಳನ್ನು ಮೇಜಿನ ಮೇಲಿಟ್ಟು, ಸ್ಪಿರಿಟ್ ದೀಪ ಹಚ್ಚಿ, ಮೇಣದ ಪಟ್ಟಿಯನ್ನು ಬೆಂಕಿಗೆ ಹಿಡಿದ. ಗುಲಾಬಿ ಮೇಣ ಬೆವರಿ ಹೊಳೆಯಿತು. ಕೈ ಎಂದಿನಂತೆ ಕೆಲಸ ಮಾಡುತ್ತಿತ್ತು. ಕೈಗೆ ಏನೂ ಗೊತ್ತಿರಲಿಲ್ಲ.

ಲ್ಯಾಬು ಎಂದರೆ ಮಹಡಿಯ ಮೇಲೆ ದಂತವೈದ್ಯೆಯೊಬ್ಬರ ಕ್ಲಿನಿಕ್ಕಿನ ಹಿಂದಿನ ಒಂದೇ ಕೋಣೆ. ಒಂದು ಕಿಟಕಿ, ಉಜ್ಜುವ ಮೋಟರು, ಎಲ್ಲದರ ಮೇಲೂ ಹಿಟ್ಟಿನಂಥ ಧೂಳು. ಗೋಡೆಯ ಕಪಾಟಿನಲ್ಲಿ ಹಳೆಯ ಅಚ್ಚುಗಳು ಸಾಲಾಗಿ ಬಾಯಿ ತೆರೆದು ಕೂತಿದ್ದವು. ಅವನ ಸೆಟ್ಟುಗಳಿಗೆ ಒಂದು ಹೆಸರಿತ್ತು. ಹೊಸಬರು ಮಾಡಿದ ಹಲ್ಲುಗಳು ಕವಾಯತಿಗೆ ನಿಂತ ಹಾಗೆ ಸಾಲಾಗಿ ಹೊಳೆಯುತ್ತವೆ. ಬಾಯಿ ತೆರೆದ ಕೂಡಲೇ ಕಟ್ಟಿಸಿದ್ದು ಎಂದು ಗೊತ್ತಾಗಿಬಿಡುತ್ತದೆ. ಅವನು ಹಾಗೆ ಮಾಡುವವನಲ್ಲ. ಮುಂದಿನ ನಾಲ್ಕರಲ್ಲಿ ಒಂದನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದ, ಒಂದರ ಅಂಚನ್ನು ಸ್ವಲ್ಪ ಸವೆಸುತ್ತಿದ್ದ, ವಯಸ್ಸಾದವರಿಗಾದರೆ ಬುಡಕ್ಕೆ ಚಹದ ಬಣ್ಣ ಸೋಕಿಸುತ್ತಿದ್ದ. ಸುಳ್ಳು ನಿಜದ ಹಾಗೆ ಕಾಣಬೇಕಾದರೆ ಅದಕ್ಕೊಂದು ಊನ ಬೇಕು ಎಂದು ಕಲಿಯಲು ಬಂದವರಿಗೆಲ್ಲ ಹೇಳಿಕೊಟ್ಟಿದ್ದ. ಅಂಥವನು ಒಬ್ಬ ಮೇಡಂಳ ಹಲ್ಲಿಗೆ ಮರುಳಾದ. ಫೋನಿನಲ್ಲಿ ಯಾರೋ ಸೇರಿಸಿದ ಗುಂಪು ಅದು; ಷೇರಿನ ಪಾಠ, ದಿನಾ ಬೆಳಿಗ್ಗೆ ಏಳಕ್ಕೆ. ಪಾಠ ಹೇಳುವ ಮೇಡಂಳ ಫೋಟೋದಲ್ಲಿ ಎಡಗಡೆಯ ಕೋರೆಹಲ್ಲು ಪಕ್ಕದ ಹಲ್ಲಿನ ಮೇಲೆ ತುಸು ಏರಿತ್ತು. ಮೋಸ ಮಾಡುವವರಾದರೆ ಇಂಥ ಹಲ್ಲಿನವಳನ್ನು ಯಾಕೆ ಹಾಕುತ್ತಾರೆ, ಯಾರಾದರೂ ಸಿನಿಮಾದವಳ ಹಾಗಿರುವವಳನ್ನು ಹಾಕುತ್ತಿದ್ದರು ಎಂದುಕೊಂಡ. ಹಾಗೆ ಅಂದುಕೊಂಡ ಗಳಿಗೆ ಅವನಿಗೆ ಇವತ್ತಿಗೂ ಚೆನ್ನಾಗಿ ನೆನಪಿದೆ. ಹಲ್ಲುಜ್ಜುತ್ತಿದ್ದ. ಬಾಯಿತುಂಬ ನೊರೆ ಇತ್ತು. ಕನ್ನಡಿಯಲ್ಲಿ ತನ್ನನ್ನೇ ನೋಡಿ, ಬುದ್ಧಿವಂತ ಎಂದು ತಲೆದೂಗಿದ್ದ.

ಮೊದಲು ಐದು ಸಾವಿರ ಹಾಕಿದ. ಏಳು ಸಾವಿರವಾಗಿ ಕೈಗೆ ಬಂತು, ನಿಜವಾಗಿಯೂ ಬಂತು. ಹೆಂಡತಿಗೆ ಚಪ್ಪಲಿ ಕೊಡಿಸಿದ. ಆಮೇಲೆ ತನ್ನ ಉಳಿತಾಯದ ಎರಡು ಲಕ್ಷ. ಫೋನಿನ ಪರದೆಯಲ್ಲಿ ಅದು ದಿನಾ ಬೆಳೆಯುತ್ತಿತ್ತು. ಊಟಕ್ಕೆ ಮುಂಚೆ ಒಂದು ಸಲ, ಊಟದ ನಂತರ ಒಂದು ಸಲ ನೋಡುತ್ತಿದ್ದ, ತೊಟ್ಟಿಲೊಳಗಿನ ಕೂಸನ್ನು ಬಗ್ಗಿ ನೋಡಿದ ಹಾಗೆ. ಅಕ್ಕನಿಗೆ ನಿವೃತ್ತಿಯ ಆರು ಲಕ್ಷ ಕೈಗೆ ಬಂದದ್ದು ಆ ದಿನಗಳಲ್ಲೇ. ಇದೆಲ್ಲ ನನಗೆ ತಿಳಿಯೋದಿಲ್ಲ, ನೀನೇ ಎಲ್ಲಾದರೂ ಒಳ್ಳೆಯ ಕಡೆ ಹಾಕು ಎಂದು ಅವನ ಕೈಯಲ್ಲಿಟ್ಟಳು. ಎಲ್ಲಿ ಹಾಕುತ್ತೀಯ ಎಂದು ಸಹ ಕೇಳಲಿಲ್ಲ. ಅದೂ ಮೇಡಂ ಹೇಳಿದ ಕಡೆಗೇ ಹೋಯಿತು. ಅಕ್ಕ ಕೇಳಿದ್ದಿದ್ದರೆ ಎಂದು ಅವನು ಎಷ್ಟೋ ಸಲ ಯೋಚಿಸಿದ್ದಾನೆ. ಕೇಳಿದ್ದಿದ್ದರೆ ಕೋರೆಹಲ್ಲಿನ ಮಾತು ಹೇಳುತ್ತಿದ್ದ, ಅವಳು ನಕ್ಕುಬಿಡುತ್ತಿದ್ದಳು, ಆ ನಗುವಿಗೆ ಅವನ ಅಮಲು ಇಳಿಯುತ್ತಿತ್ತು. ಹೀಗೆ ತಪ್ಪನ್ನು ಅಕ್ಕನ ಬಾಗಿಲಿಗೂ ಒಂದಿಷ್ಟು ಗುಡಿಸಿ ಬಿಡುವ ತನ್ನ ಮನಸ್ಸನ್ನು ಕಂಡರೆ ಅವನಿಗೇ ಹೇಸಿಗೆಯಾಗುತ್ತಿತ್ತು. ಹಣ ತೆಗೆಯಲು ಹೋದಾಗ ಮೊದಲು ತೆರಿಗೆ ಕಟ್ಟಬೇಕೆಂದರು. ಸಾಲ ಮಾಡಿ ಅದನ್ನೂ ಕಟ್ಟಿದ. ಮರುದಿನ ಗುಂಪು ಇರಲಿಲ್ಲ, ಮೇಡಂ ಇರಲಿಲ್ಲ, ಪರದೆ ಬೆಳ್ಳಗಿತ್ತು. ಆಗ ಅವನ ಕೈಯಲ್ಲಿ ಯಾರದೋ ಮೇಲಿನ ಸೆಟ್ಟು ಇತ್ತು, ಮೋಟರು ತಿರುಗುತ್ತಿತ್ತು. ಅದನ್ನು ಪೂರ್ತಿ ಉಜ್ಜಿ, ತೊಳೆದು, ನೀರಿನ ಡಬ್ಬಿಯಲ್ಲಿ ಹಾಕಿ, ಮುಚ್ಚಳ ಹಾಕಿ, ಹೆಸರು ಬರೆದು, ಆಮೇಲೆ ಕಕ್ಕಸಿಗೆ ಹೋಗಿ ವಾಂತಿ ಮಾಡಿದ.

ದೂರು ಕೊಡುವ ಕಚೇರಿಯಲ್ಲಿ ಒಬ್ಬ ಎಳೆಯ ಅಧಿಕಾರಿ ಕೂತಿದ್ದ. ತುಂಬ ದೂರುಗಳನ್ನು ಕೇಳಿ ದಣಿದವನ ದನಿ. ಎಷ್ಟು ಹೋಯಿತು ಎಂದು ಅವನು ಕೇಳಿದ್ದು ಹಿಂದಿನ ಸಾಲಿನವರಿಗೂ ಕೇಳಿಸಿತು. ಮೊತ್ತ ಹೇಳಿದಾಗ ಯಾರೋ ಲೊಚಗುಟ್ಟಿದರು. ಓದು ಎಷ್ಟಾಗಿದೆ ಎಂದು ಕೇಳಿದ. ಆ ಪ್ರಶ್ನೆ ಅರ್ಜಿಯಲ್ಲಿತ್ತೋ, ಅವನದೇ ಕುತೂಹಲವೋ ತಿಳಿಯಲಿಲ್ಲ. ಬ್ಯಾಂಕಿನಲ್ಲಿ ಕನ್ನಡಕದ ಹೆಂಗಸು ದಾಕ್ಷಿಣ್ಯದಿಂದಲೇ ಮಾತಾಡಿದಳು, ಆದರೆ ಬಟನ್ ಒತ್ತಿದ್ದು ನೀವೇ ಅಲ್ವಾ ಸಾರ್ ಎಂದಳು. ಹೌದು, ಒತ್ತಿದ್ದು ಅವನೇ. ಇದಾಗಿ ಎರಡು ವಾರಕ್ಕೆ ಒಂದು ಕರೆ ಬಂತು. ಕಳೆದುಹೋದ ಹಣ ವಾಪಸ್ ಕೊಡಿಸುವ ಸಂಸ್ಥೆಯಂತೆ. ಇವನೂ ಅದೇ ಗೂಡಿನ ಹಕ್ಕಿ ಎಂದು ಅವನಿಗೆ ಮೊದಲ ಮಾತಿನಲ್ಲೇ ಹೊಳೆದಿತ್ತು. ಆದರೂ ಫೋನು ಕೆಳಗಿಡಲಿಲ್ಲ. ಆ ದನಿ ಮೆಲ್ಲಗೆ, ಅವಸರವಿಲ್ಲದೆ, ನಿಮ್ಮ ತಪ್ಪಲ್ಲ ಸಾರ್, ಯಾರಾದ್ರೂ ನಂಬ್ತಿದ್ರು ಎಂದಿತು. ಆ ವಾಕ್ಯವನ್ನು ಅದುವರೆಗೆ ಅವನಿಗೆ ಯಾರೂ ಹೇಳಿರಲಿಲ್ಲ. ಹನ್ನೊಂದು ನಿಮಿಷ ಕಿವಿಗೆ ಒತ್ತಿ ಹಿಡಿದು ಕೇಳಿದ. ಶುಲ್ಕದ ಮಾತು ಬಂದಾಗ ಇಟ್ಟುಬಿಟ್ಟ. ಆಮೇಲೆ ಬಹಳ ದಿನ, ಬಸ್ಸಿನಲ್ಲಿ ಕೂತಾಗ, ಆ ಕಳ್ಳನ ಸಮಾಧಾನವನ್ನು ನೆನೆಸಿಕೊಂಡಿದ್ದಾನೆ.

ಅಕ್ಕನಿಗೆ ಹೇಳಬೇಕೆಂದು ಹೊರಟ ಭಾನುವಾರ ಅವಳೇ ಮೊದಲು ಕೇಳಿದಳು, ಈ ತಿಂಗಳದು ಬಂತೇನೋ ಎಂದು. ತಿಂಗಳಿಗೆ ಆರು ಸಾವಿರ ಬಡ್ಡಿ ಬರುತ್ತದೆ ಎಂದು ಹಿಂದೆ ಅವನೇ ಹೇಳಿದ್ದ. ಬಂತು ಎಂದ. ಜೇಬಿನಲ್ಲಿದ್ದ ಸಂಬಳದ ದುಡ್ಡಿನಿಂದ ಎಣಿಸಿ ಕೊಟ್ಟ. ಅದೊಂದು ತಿಂಗಳು ಮಾತ್ರ, ಮುಂದಿನ ಸಲ ಹೇಳಿಬಿಡುವುದು ಎಂದುಕೊಂಡಿದ್ದ. ಎಂಟು ತಿಂಗಳಾಯಿತು. ಒಂದು ಸಲ ಅವಳು ತನ್ನ ದುಡ್ಡು ಹೇಗೆ ಕಾಣುತ್ತದೆ ತೋರಿಸು ಎಂದಾಗ, ಫೋನಿನಲ್ಲಿ ಉಳಿದಿದ್ದ ಹಳೆಯ ಪರದೆಯ ಚಿತ್ರ ತೆಗೆದು ತೋರಿಸಿದ. ಹಸಿರು ಬಾಣ ಮೇಲಕ್ಕೆ ಏರುತ್ತಿರುವ ಅದೇ ಚಿತ್ರ. ಅಕ್ಕ ಕನ್ನಡಕ ಹಾಕಿಕೊಂಡು, ಬೆರಳಿನಿಂದ ಆ ಬಾಣವನ್ನು ಸವರಿದಳು. ಮೇಡಂ ತನಗೆ ಮಾಡಿದ್ದನ್ನು ತಾನು ಅಕ್ಕನಿಗೆ ಮಾಡುತ್ತಿದ್ದೇನೆ, ಅವಳು ಕಸಿದಳು, ನಾನು ಕೊಡುತ್ತಿದ್ದೇನೆ, ಅಷ್ಟೇ ವ್ಯತ್ಯಾಸ ಎಂದು ಆ ದಿನ ತನಗೆ ತಾನೇ ಹೇಳಿಕೊಂಡ. ಆ ವ್ಯತ್ಯಾಸದ ಆಸರೆಯಲ್ಲೇ ನಡೆದುಕೊಂಡು ಬಂದಿದ್ದ. ಆರು ಸಾವಿರ ಹೊಂದಿಸಲು ಬೇರೆ ಕ್ಲಿನಿಕ್ಕುಗಳಿಂದ ಮುರಿದ ಸೆಟ್ಟುಗಳನ್ನು ತಂದು ಕೂಡಿಸಿಕೊಡುತ್ತಿದ್ದ. ಸಾಲದ್ದಕ್ಕೆ ಸಂಬಳದಲ್ಲಿ ಕೈ ಹಾಕುತ್ತಿದ್ದ. ಡಾಕ್ಟರಮ್ಮ ಸಂಬಳ ಇಳಿಸಿದ್ದಾರೆ ಎಂದು ಹೆಂಡತಿಗೆ ಹೇಳಿದ್ದ. ಹೆಂಡತಿ ಅದನ್ನು ನಂಬಿ, ದಾರಿಯಲ್ಲಿ ಡಾಕ್ಟರಮ್ಮ ಸಿಕ್ಕಾಗ ಮುಖ ತಿರುಗಿಸಿಕೊಂಡು ಹೋದಳಂತೆ. ನಿಮ್ಮ ಮನೆಯವರಿಗೆ ನನ್ನ ಮೇಲೆ ಏನಾದ್ರೂ ಬೇಜಾರಾ ಎಂದು ಡಾಕ್ಟರಮ್ಮ ಕೇಳಿದಾಗ, ಅವಳಿಗೆ ದೂರದ್ದು ಸರಿಯಾಗಿ ಕಾಣೋದಿಲ್ಲ ಎಂದುಬಿಟ್ಟ. ಒಂದು ಸುಳ್ಳಿಗೆ ಮದುವೆಯಾದರೆ ಅದರ ನೆಂಟರನ್ನೆಲ್ಲ ಸಾಕಬೇಕು.

ಅಕ್ಕ ಹನ್ನೊಂದಕ್ಕೆ ಐದು ನಿಮಿಷ ಮುಂಚೆಯೇ ಬಂದಳು. ಕೆಲಸಕ್ಕೆ ಹೋಗುತ್ತಿದ್ದ ದಿನಗಳ ಅಭ್ಯಾಸ. ಹೊರಗಿನ ಕೋಣೆಯಲ್ಲಿ ಹಲ್ಲುನೋವಿನ ಮುದುಕರೊಬ್ಬರು ಕೆನ್ನೆ ಹಿಡಿದು ಕೂತಿದ್ದರು, ಒಬ್ಬ ತಾಯಿ ಮಗಳ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು. ಇಸ್ತ್ರಿಯಕ್ಕ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು; ಪಕ್ಕದ ಖಾಲಿ ಕುರ್ಚಿಯ ಮೇಲೆ ಅವಳ ಬಟ್ಟೆಯ ಚೀಲ, ಅದೂ ಒಬ್ಬ ರೋಗಿ ಎಂಬ ಹಾಗೆ. ಅವಳು ಉಟ್ಟ ಬಟ್ಟೆಯಲ್ಲಿ ಎಂದೂ ಒಂದು ಸುಕ್ಕು ಕಂಡವರಿಲ್ಲ. ಬಲಗೈಯ ಮೇಲೆ ಮಣಿಕಟ್ಟಿನಿಂದ ಮೊಣಕೈವರೆಗೆ ಹಳೆಯ ಸುಟ್ಟ ಗೆರೆಗಳು. ಅವನನ್ನು ಕಂಡು ಎದ್ದು ನಿಂತಳು. ಎದ್ದು ನಿಂತದ್ದು ಅವನಿಗೆ ಏಟಿನ ಹಾಗೆ ತಾಕಿತು. ಅವನಿಗಿಂತ ಒಂಬತ್ತು ವರ್ಷ ದೊಡ್ಡವಳು.

ಅಕ್ಕ ದನಿ ತಗ್ಗಿಸಿ, ತಗ್ಗಿಸಿದರೂ ಎಲ್ಲರಿಗೂ ಕೇಳುವ ಹಾಗೆ, ವಿಷಯ ಹೇಳಿದಳು. ಇಸ್ತ್ರಿಯ ನಾಲ್ಕು ಲಕ್ಷ ಬ್ಯಾಂಕಿನಲ್ಲಿ ಸುಮ್ಮನೆ ಬಿದ್ದಿದೆ, ನಿನ್ನೆ ಹೋಗಿ ಪೂರ್ತಿ ತೆಗೆಸಿಕೊಂಡು ಬಂದಿದ್ದಾಳೆ, ನನ್ನದನ್ನು ಹಾಕಿದ ಕಡೆಯೇ ಅವಳದನ್ನೂ ಹಾಕಿಸು. ತಿಂಗಳಿಗೆ ನಾಲ್ಕು ಸಾವಿರ ಬಂದರೆ ಅವಳ ಮೊಣಕಾಲಿನ ಔಷಧಿಗಾಯಿತು, ಮಗಳ ಮುಂದೆ ಕೈಚಾಚುವುದು ತಪ್ಪಿತು. ಇಸ್ತ್ರಿಯಕ್ಕ ನಡುವೆ ಬಾಯಿ ಹಾಕಲಿಲ್ಲ. ಎಲ್ಲ ಮುಗಿದ ಮೇಲೆ, "ನಿನ್ನ ಅಕ್ಕ ದಿನಕ್ಕೆ ಹತ್ತು ಸಲ ನಿನ್ನ ಹೆಸರು ಹೇಳ್ತಾಳಪ್ಪ," ಎಂದಳು. "ನನಗೆ ಹಾಗೆ ಹೇಳ್ಕೊಳ್ಳೋಕೆ ತಮ್ಮ ಇಲ್ಲ."

ಅವನು ಆ ಚೀಲವನ್ನು ನೋಡಿದ. ನಾಲ್ಕು ಲಕ್ಷ. ಅಕ್ಕನಿಗೆ ತಿಂಗಳಿಗೆ ಆರು, ಇವಳಿಗೆ ನಾಲ್ಕು. ಮೂರು ವರ್ಷ ಎಳೆಯಬಹುದು. ಮೂರು ವರ್ಷದಲ್ಲಿ ಏನಾದರೂ ಆದೀತು. ದೂರು ಕೊಟ್ಟಿದ್ದಾಗಿದೆ, ಕಳ್ಳರು ಸಿಕ್ಕಾರು, ಲಾಟರಿ ಹೊಡೆದೀತು, ಇಬ್ಬರೂ ವಯಸ್ಸಾದವರು. ಕೊನೆಯ ಯೋಚನೆ ತನ್ನದೆಂದು ಗುರುತಿಸಲು ಅವನಿಗೆ ಒಂದು ಕ್ಷಣ ಬೇಕಾಯಿತು. ಇಬ್ಬರೂ ವಯಸ್ಸಾದವರು. ಅದು ಯಾವ ಧಾವಂತವೂ ಇಲ್ಲದೆ, ತಲೆ ಬಾಚಿಕೊಂಡು ಬಂದು, ಪಕ್ಕದಲ್ಲಿ ಕೂತ ಹಾಗೆ ಬಂದಿತ್ತು. ಏನಾದರೂ ಮಾತಾಡಬೇಕು, ಇಬ್ಬರೂ ಅವನ ಬಾಯಿ ನೋಡುತ್ತಿದ್ದರು. "ಅವಸರ ಏನಿಲ್ಲ," ಎಂದ. "ಚೆನ್ನಾಗಿ ಯೋಚನೆ ಮಾಡಿ. ನಿಮ್ಮ ದುಡ್ಡು, ನಿಮ್ಮ ತೀರ್ಮಾನ." ಹೇಳಿ ಮುಗಿಯುವಷ್ಟರಲ್ಲಿ ಅವನಿಗೆ ನೆನಪಾಯಿತು. ಇದು ಮೇಡಂ ಅವನಿಗೆ ಬರೆದ ವಾಕ್ಯ. ಅಕ್ಷರ ಅಕ್ಷರ ಅದೇ. ಅದನ್ನು ಓದಿದ ದಿನವೇ ಅವನು ಎರಡು ಲಕ್ಷ ಹಾಕಿದ್ದು. ಇಸ್ತ್ರಿಯಕ್ಕನ ಮುಖ ಸಡಿಲಾಯಿತು. ನೋಡಿದೆಯಾ, ನಾನು ಹೇಳಲಿಲ್ಲವಾ ಎನ್ನುವ ಹಾಗೆ ಅಕ್ಕ ಅವಳ ತೋಳು ಮುಟ್ಟಿದಳು.

ಒಳಗೆ ಹೋಗೋಣ, ಮೇಣ ಆರಿಹೋಗುತ್ತದೆ ಎಂದು ಅವನು ಅಕ್ಕನನ್ನು ಕರೆದುಕೊಂಡು ಹೋದ. ಡಾಕ್ಟರಮ್ಮ ಹನ್ನೆರಡರವರೆಗೆ ಇರುವುದಿಲ್ಲ, ನಿಮ್ಮಕ್ಕನ ಕಚ್ಚಿನ ಅಳತೆ ನೀವೇ ತೆಗೆದುಕೊಳ್ಳಿ ಎಂದು ಕೀಲಿ ಕೊಟ್ಟು ಹೋಗಿದ್ದರು. ಅಕ್ಕ ದೊಡ್ಡ ಕುರ್ಚಿಯಲ್ಲಿ ಒರಗಿಕೊಂಡು, ಕಾಲು ನೀಡಿ, ದೀಪಕ್ಕೆ ಕಣ್ಣು ಕಿರಿದು ಮಾಡಿಕೊಂಡು, "ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರೆ. ನನಗೆ ನೋಡು ಗುಬ್ಬಿ, ಎರಡೂ ಒಟ್ಟಿಗೇ ಬರ್ತಿದೆ, ಎರಡೂ ನಿನ್ನ ಕೈಯಿಂದಾನೇ," ಎಂದಳು. ಐವತ್ತೆರಡು ವರ್ಷದ ಅವನನ್ನು ಗುಬ್ಬಿ ಎಂದು ಕರೆಯುವವರು ಈಗ ಅವಳೊಬ್ಬಳೇ. ಅವನು ಅವಳ ಕೊರಳಿಗೆ ಕಾಗದದ ಬಟ್ಟೆ ಕಟ್ಟಿದ. ಬಿಸಿ ಚಾಕುವಿನಿಂದ ಮೇಣದ ಅಂಚು ಮೆತ್ತಗೆ ಮಾಡಿ, ಮೇಲಿನ ಪಟ್ಟಿ ಕೂರಿಸಿದ, ಕೆಳಗಿನದು ಕೂರಿಸಿದ. ನಾಲಿಗೆಯ ತುದಿ ಹಿಂದಕ್ಕೆ ಮಡಿಚಿ ಅಂಗುಳಕ್ಕೆ ತಾಗಿಸು, ಉಗುಳು ನುಂಗು, ಈಗ ಮೆಲ್ಲಗೆ ಕಚ್ಚು ಎಂದು ಸಾವಿರ ಸಲ ಡಾಕ್ಟರಮ್ಮ ಹೇಳಿದ್ದನ್ನು ಕೇಳಿದವನು ಹಾಗೆಯೇ ಹೇಳಿದ. "ಮೇಣ ಗಟ್ಟಿಯಾಗೋವರೆಗೆ ಹಿಡ್ಕೊಂಡಿರು. ಮಾತಾಡ್ಬೇಡ, ಅಲ್ಲಾಡ್ಬೇಡ." ಅಕ್ಕ ಕಚ್ಚಿ ಹಿಡಿದಳು. ಕೆನ್ನೆಗಳು ತುಂಬಿಕೊಂಡು ಅವಳ ಮುಖ ಇದ್ದಕ್ಕಿದ್ದ ಹಾಗೆ ಹತ್ತು ವರ್ಷ ಹಿಂದಕ್ಕೆ ಹೋಯಿತು. ಹೊರಗೆ ಆ ಹುಡುಗಿ ಜಡೆ ಎಳೆದದ್ದಕ್ಕೆ ಅಮ್ಮನ ಮೇಲೆ ಗೊಣಗುತ್ತಿದ್ದುದು ಕೇಳಿಸುತ್ತಿತ್ತು.

"ಅಕ್ಕ, ಆ ದುಡ್ಡು ಇಲ್ಲ."

ದೀಪದ ಕಡೆಗಿದ್ದ ಕಣ್ಣು ಅವನ ಕಡೆ ತಿರುಗಿತು.

"ಹೋಯ್ತು. ಎಂಟು ತಿಂಗಳಾಯ್ತು. ಆ ಕಂಪನೀನೇ ಸುಳ್ಳು. ಇಷ್ಟು ದಿನ ಕೊಟ್ಟಿದ್ದು ಬಡ್ಡಿ ಅಲ್ಲ, ನನ್ನ ಸಂಬಳ."

ಆಮೇಲೆ ಉಳಿದದ್ದೆಲ್ಲ ಹರಿದು ಬಂತು. ಗುಂಪು, ಮೇಡಂ, ತೆರಿಗೆ, ದೂರು, ತೋರಿಸಿದ ಹಸಿರು ಬಾಣ. ಅವಳ ಕೊರಳ ಕಾಗದದ ಮೇಲೆ ಕಣ್ಣಿಟ್ಟು ಹೇಳಿದ. ಕೋರೆಹಲ್ಲಿನ ಮಾತು ಮಾತ್ರ ಹೇಳಲಾಗಲಿಲ್ಲ; ಉಳಿದೆಲ್ಲಕ್ಕಿಂತ ಅದೇ ಹೆಚ್ಚು ನಾಚಿಕೆಯದೆನಿಸಿತು. ಹೇಳಿ ಮುಗಿಸಿದಾಗ ಒಂದು ವಿಚಿತ್ರ ಹಗುರ ಬಂತು, ಅದರ ಬೆನ್ನಿಗೇ ಅದು ಎಂಥ ಹಗುರ ಎಂಬುದೂ ತಿಳಿಯಿತು. ಎಂಟು ತಿಂಗಳಲ್ಲಿ ಎಷ್ಟು ಭಾನುವಾರಗಳಿದ್ದವು. ಅವುಗಳಲ್ಲಿ ಒಂದನ್ನೂ ಆರಿಸದೆ, ಅವಳು ಮರುಮಾತಾಡಲಾರದ ಈ ಒಂದು ನಿಮಿಷವನ್ನು ಆರಿಸಿಕೊಂಡಿದ್ದ. ಕೈ ಕಟ್ಟಿಹಾಕಿ ಹೊಡೆದ ಹಾಗೆ. ಮೇಣ ಆರಿತ್ತು. ಸಾಕು, ಬಿಡು ಎಂದ. ಅವಳು ಬಿಡಲಿಲ್ಲ. ಕಿವಿಯ ಕೆಳಗೆ ಒಂದು ಸ್ನಾಯು ಎದ್ದು ನಿಂತು ಕಂಪಿಸುತ್ತಿತ್ತು. ಅಕ್ಕ, ಬಿಡು ಎಂದು ಮತ್ತೆ ಹೇಳಿದ. ಬಹಳ ಹೊತ್ತಿನ ಮೇಲೆ ಅವಳೇ ಬೆರಳು ಹಾಕಿ ಎರಡನ್ನೂ ತೆಗೆದು ತಟ್ಟೆಯಲ್ಲಿಟ್ಟಳು. ಮೇಣ ಒಂದರೊಳಗೊಂದು ನುಗ್ಗಿ ಜಜ್ಜಿಹೋಗಿತ್ತು. ಅಳತೆ ಕೆಟ್ಟಿತ್ತು.

"ಬಾಯಿಗೆ ಬಿರಡೆ ಹಾಕಿ ಹೇಳಿದೆಯಲ್ಲೋ," ಎಂದಳು.

ನಿನ್ನ ಹೆಂಡತಿಗೆ ಗೊತ್ತೋ ಎಂದು ಕೇಳಿದಳು. ಇಲ್ಲ ಎಂದು ತಲೆಯಾಡಿಸಿದ. ಅವಳು ಕಾಗದದ ಬಟ್ಟೆ ಬಿಚ್ಚಿ, ಬಾಯಿ ಒರೆಸಿಕೊಂಡು, ಅದನ್ನು ನಾಲ್ಕಾಗಿ, ಅಂಚಿಗೆ ಅಂಚು ಕೂಡಿಸಿ ಮಡಿಚಿದಳು. ಮೂವತ್ತು ವರ್ಷ ಬಟ್ಟೆ ಮುಟ್ಟಿದ ಕೈಗೆ ಕಾಗದವಾದರೂ ಮಡಿಚಲೇಬೇಕು.

"ಹೋದ್ರೆ ಹೋಗ್ಲಿ ಅನ್ನೋ ಅಷ್ಟು ದೊಡ್ಡ ಮನಸ್ಸು ನನಗಿಲ್ಲ," ಎಂದಳು. "ಕಂಡೋರ ರಕ್ತ, ಕೀವು ಎಲ್ಲ ಒಗೆದು ಬಂದ ದುಡ್ಡು ಅದು. ಅತ್ತು ಕೊರಗ್ತೀನಿ ನಾನು, ಇವತ್ತಲ್ಲ ನಾಳೆ. ಅದು ಬೇರೆ. ಆದ್ರೆ ಎಂಟು ತಿಂಗಳು ನಿನ್ನ ಹೊಗಳ್ಕೊಂಡು ತಿರುಗಿದ್ನಲ್ಲೋ. ಲಾಂಡ್ರಿಗೆ ಹೋಗಿ ಹೇಳಿದೆ, ಬಸ್ಸಲ್ಲಿ ಪಕ್ಕ ಕೂತೋರಿಗೆ ಹೇಳಿದೆ. ಅದನ್ನ ಯಾರ ಹತ್ರ ಹೋಗಿ ವಾಪಸ್ ಇಸ್ಕೊಳ್ಳಲಿ?"

ಅವಳು ಕುರ್ಚಿಯಿಂದ ಇಳಿದು, ಚಪ್ಪಲಿ ಹುಡುಕಿ ಮೆಟ್ಟಿಕೊಂಡಳು. ಅವಳಿಗೆ ನಾನು ಹೇಳುತ್ತೇನೆ, ನೀನು ಬರಬೇಡ ಎಂದು ಬಾಗಿಲು ಎಳೆದುಕೊಂಡು ಹೋದಳು. ಬಾಗಿಲು ಪೂರ್ತಿ ಮುಚ್ಚಲಿಲ್ಲ. ಅವನು ಜಜ್ಜಿದ ಮೇಣವನ್ನು ಕೈಗೆತ್ತಿಕೊಂಡು ನಿಂತ. ಅವಳ ಬಾಯಿಯ ಬಿಸಿಗೆ ಇನ್ನೂ ಬೆಚ್ಚಗಿತ್ತು. ಹೊರಗೆ ಅಕ್ಕನ ದನಿ, ಎಂದಿಗಿಂತ ಗೆಲುವಾಗಿ, ಹೊಸಬರನ್ನು ಈಗ ಸೇರಿಸಿಕೊಳ್ಳುತ್ತಿಲ್ಲವಂತೆ ಕಣೇ, ಕಂಪನಿಯಲ್ಲಿ ಜಾಗ ಇಲ್ಲವಂತೆ ಎಂದಿತು. ಅವನಿಗೆ ಮೊದಲು ಬಂದದ್ದು ಕೃತಜ್ಞತೆ, ನಾಚಿಕೆಗೆಟ್ಟ, ನಾಯಿಯಂಥ ಕೃತಜ್ಞತೆ. ಅಕ್ಕ ಅವನ ಮಾನ ಮುಚ್ಚಿದಳು, ತನ್ನದನ್ನೂ ಮುಚ್ಚಿಕೊಂಡಳು. ನಾಲ್ಕು ಲಕ್ಷ ಚೀಲದಲ್ಲೇ ಉಳಿಯಿತು. ಎಲ್ಲ ಅಲ್ಲಿಗೆ ಮುಗಿಯಿತು ಎನ್ನುವಷ್ಟರಲ್ಲಿ ಇಸ್ತ್ರಿಯಕ್ಕನ ದನಿ ಕೇಳಿಸಿತು.

"ನಿನಗೆ ಮಾತ್ರ ಜಾಗ ಇತ್ತಾ?"

ಅದರಲ್ಲಿ ಸಿಟ್ಟಿರಲಿಲ್ಲ. ನೋವಿತ್ತು, ನಿನಗೆ ನನ್ನ ಏಳಿಗೆ ಬೇಡವಾಯಿತೇ ಎಂಬ ನೋವು. ಅಕ್ಕ ಏನೋ ತೊದಲಿದಳು. ಇಸ್ತ್ರಿಯಕ್ಕ, ಬಿಡು, ನೀನು ಸಂಕಟಪಡಬೇಡ ಎಂದಳು. ನನ್ನ ಫೋನಿಗೂ ಅಂಥ ಕಂಪನಿಗಳ ಸಂದೇಶ ದಿನಾ ಬರುತ್ತಲೇ ಇರುತ್ತದೆ. ಯಾರನ್ನು ನಂಬುವುದು ಎಂದು ಭಯಕ್ಕೆ ಸುಮ್ಮನಿದ್ದೆ. ನಿನ್ನ ತಮ್ಮನಂಥ ಓದಿದವರೇ ಹಾಕುತ್ತಾರೆಂದ ಮೇಲೆ ಭಯ ಯಾಕೆ. ಪಕ್ಕದ ಮನೆಯವಳಿಗೆ ಹೇಳಿ ಇವತ್ತೇ ಅದರಲ್ಲಿ ಹಾಕಿಸುತ್ತೇನೆ ಎಂದಳು. ಕುರ್ಚಿ ಸರಿದ ಸದ್ದಾಯಿತು. ಅಕ್ಕ ಈಗ ಹೇಳುತ್ತಾಳೆ ಎಂದು ಅವನು ಕಾದ. ಅಕ್ಕ ಹೇಳಲಿಲ್ಲ. ಎಷ್ಟು ಹೊತ್ತು ಕಾದರೂ ಅವಳು ಹೇಳುವುದಿಲ್ಲ ಎಂದು ಅವನಿಗೆ ಅರ್ಥವಾಯಿತು. ಅವಳ ನಾಲಿಗೆಯನ್ನು ಹಿಡಿದಿದ್ದುದು ಅವನದೇ ಮಾನ. ಇವನು ಇಲ್ಲೇ, ಈ ಬಾಗಿಲ ಹಿಂದೆ, ಕೈಯಲ್ಲಿ ಮೇಣ ಹಿಡಿದು ನಿಂತರೆ ಯಾರೂ ಅವನನ್ನು ಕೇಳುವುದಿಲ್ಲ. ಯಾವ ಬಟನ್ನನ್ನೂ ಅವನು ಒತ್ತಿದ ಹಾಗಾಗುವುದಿಲ್ಲ. ಬಾಗಿಲಿಗೆ ನಾಲ್ಕು ಹೆಜ್ಜೆ. ಅವನು ಹೋದದ್ದು ಧೈರ್ಯ ಬಂದದ್ದರಿಂದಲ್ಲ. ಹೋಗದೆ ನಿಂತರೆ ತಾನು ಯಾರಾಗುತ್ತೇನೆ ಎಂಬುದು ಮೊದಲ ಬಾರಿಗೆ ಅವನಿಗೆ ಮುಖ ಸಮೇತ ಕಂಡಿತ್ತು, ಅಷ್ಟೆ.

"ಇಸ್ತ್ರಿಯಕ್ಕ," ಎಂದ. ದನಿ ಬೇಕಾದದ್ದಕ್ಕಿಂತ ಜೋರಾಯಿತು. "ಜಾಗದ ಮಾತಲ್ಲ. ಅದು ಮೋಸ. ಅಕ್ಕನ ಆರು ಲಕ್ಷಾನೂ ಹೋಯ್ತು, ಕಳೆದೋನು ನಾನು. ನಿಮ್ಮ ಫೋನಿಗೆ ಬರೋದೂ ಅದೇ. ಯಾರಿಗೂ ಕೊಡ್ಬೇಡಿ."

ಜಡೆ ಹೆಣೆಯುತ್ತಿದ್ದ ಕೈ ನಿಂತಿತು. ಮುದುಕರು ಕೆನ್ನೆಯಿಂದ ಕೈ ತೆಗೆದು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಇಸ್ತ್ರಿಯಕ್ಕ ಅವನನ್ನು ನೋಡಲಿಲ್ಲ. ಅವಳ ಕಣ್ಣು ಅಕ್ಕನ ಮೇಲಿತ್ತು. ನಿನಗೆ ಗೊತ್ತಿತ್ತಾ ಎಂದು ಕೇಳಿದಳು.

"ಈಗ ಗೊತ್ತಾಯ್ತು. ಒಳಗೆ."

"ಈಗ ಗೊತ್ತಾಯ್ತು," ಎಂದು ಇಸ್ತ್ರಿಯಕ್ಕ ಆ ಮಾತನ್ನು ತಿರುಗಿಸಿ ನೋಡಿದಳು. "ಗೊತ್ತಾದ ಮೇಲೆ ನನಗೆ ಜಾಗ ಇಲ್ಲ ಅಂದೆ."

ಅವಳು ಕುರ್ಚಿಯ ಮೇಲಿದ್ದ ಚೀಲ ಎತ್ತಿಕೊಂಡಳು. ಅವನ ಪಕ್ಕದಿಂದ ದಾಟುವಾಗ ಅದನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು, ಸಂತೆಯಲ್ಲಿ ಅಪರಿಚಿತರನ್ನು ದಾಟುವ ಹಾಗೆ. ಅವನು ದಾರಿ ಬಿಟ್ಟು ಗೋಡೆಗೆ ಒತ್ತಿ ನಿಂತ. ಇನ್ನು ಈ ಚೀಲಕ್ಕೆ ಯಾರೂ ಕೈ ಹಾಕಲಾರರು ಎಂದು ಅವನಿಗನ್ನಿಸಿತು. ಹಾಗೆನ್ನಿಸಿದ್ದರಲ್ಲಿ ಸುಖವೇನೂ ಇರಲಿಲ್ಲ. ಮೆಟ್ಟಿಲ ಮೇಲೆ ಅವಳ ಚಪ್ಪಲಿಯ ಸದ್ದು, ಒಂದು ಮೊಣಕಾಲು ಎಳೆಯುತ್ತ ಇಳಿದುಹೋಯಿತು.

ನೀನು ಬರಬೇಡ ಎಂದಿದ್ದೆ ಎಂದಳು ಅಕ್ಕ. ಹೌದು ಎಂದ. ಅವಳು ಇನ್ನೂ ಏನೋ ಹೇಳಲು ಹೊರಟವಳು, ಬಾಗಿಲ ಕಡೆ ತಿರುಗಿ, ಅವನನ್ನು ಅಲ್ಲೇ ಬಿಟ್ಟು ಸರಸರನೆ ಮೆಟ್ಟಿಲಿಳಿದಳು. ಅವನು ಹೊರಗಿನ ಕೋಣೆಯ ಕಿಟಕಿಗೆ ಹೋದ. ಕೆಳಗೆ ರಸ್ತೆಯಲ್ಲಿ ಹನ್ನೊಂದೂವರೆಯ ಬಿಸಿಲು, ಸಾಮಾನು ಇಳಿಸುತ್ತಿದ್ದ ಒಂದು ಲಾರಿ, ಆ ಲಾರಿಯನ್ನು ಬಳಸಿಕೊಂಡು ನೆಟ್ಟಗೆ ನಡೆದುಹೋಗುತ್ತಿದ್ದ ಸುಕ್ಕಿಲ್ಲದ ಬೆನ್ನು. ಅಕ್ಕ ಹಿಂದಿನಿಂದ ಕೂಗಿದಳು. ಇಸ್ತ್ರಿ ಎಂದಲ್ಲ. ಅವಳ ಹೆಸರು ಹಿಡಿದು ಕೂಗಿದಳು. ಆ ಹೆಂಗಸಿಗೆ ಒಂದು ಹೆಸರಿದೆ ಎಂದೇ ಅವನು ಇಷ್ಟು ವರ್ಷ ಯೋಚಿಸಿರಲಿಲ್ಲ. ಬಾಯಿಗೆ ಅಡ್ಡ ಕೈ ಇಡದೆ, ನಡುರಸ್ತೆಯಲ್ಲಿ, ಅಕ್ಕ ಬೊಚ್ಚುಬಾಯಿ ಪೂರ್ತಿ ತೆರೆದು ಮತ್ತೊಮ್ಮೆ ಕೂಗಿದಳು. ಹಲ್ಲಿನ ಆಸರೆಯಿಲ್ಲದೆ ಆ ಹೆಸರು ಬರೀ ಗಾಳಿಯಾಗಿ ಬಂತು. ಏನೆಂದು ಅವನಿಗೆ ತಿಳಿಯಲಿಲ್ಲ, ಲಾರಿಯವರಿಗೂ ತಿಳಿದಿರಲಾರದು. ತಿಳಿಯಬೇಕಾದವಳಿಗೆ ತಿಳಿಯಿತು. ಅವಳು ತಿರುಗಿ ನೋಡಲಿಲ್ಲ. ಆದರೆ ನಿಂತಳು.